ಬೇಸಿಗೆಯ ಸಿಡಿಲುಮಳೆ: ಅಂಗಳದಲ್ಲಿ ಕಲಿತ ಪಾಠ

ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಅಂಗಳದಲ್ಲಿ ಕೊನೆ ಕೊಯಿಲಿನ ಅಡಿಕೆ ಹರಡಿದೆ. ಮೂಡುದಿಕ್ಕಿಗೆ ಘಟ್ಟದ ಮೇಲೆ ಒಂದು ಬಿಳಿ ಮೋಡ ತಲೆ ಎತ್ತಿದೆ. "ಇವತ್ತು ರಾಶಿ ಮಾಡುದಾ ಅಣ್ಣಾ, ಬೇಡ್ವಾ?" ಎಂದು ಕೆಲಸದಾಕೆ ಕೇಳುತ್ತಾಳೆ. ಉತ್ತರ ಕೊಡಬೇಕಾದವನು ನಾನು. ರಾಶಿ ಮಾಡಿ ಮುಚ್ಚಿದರೆ ಇಬ್ಬರ ಅರ್ಧ ದಿನದ ಕೆಲಸ ಹೋಯಿತು, ಒಂದು ಒಳ್ಳೆ ಬಿಸಿಲೂ ಹೋಯಿತು. ಮುಚ್ಚದೆ ಮಳೆ ಬಂತೋ, ನಾಲ್ಕು ವಾರ ಒಣಗಿದ ಅಡಿಕೆ ನೀರು ಕುಡಿಯಿತು. ಮತ್ತೆ ಬೂಸ್ಟು, ಮತ್ತೆ ಕರಿಗೋಟು. ಸುಲಿದ ಮೇಲೆ ಅಂಗಡಿಯಲ್ಲಿ ಅದರ ಲೆಕ್ಕ ಗೊತ್ತಾಗುತ್ತದೆ.

ನಾನು ಹವಾಮಾನ ಶಾಸ್ತ್ರ ಓದಿದವನಲ್ಲ. ಈ ಒಂದು ಪ್ರಶ್ನೆಗೆ ಉತ್ತರ ಹೇಳಲಿಕ್ಕಾಗಿ ಮೋಡ ನೋಡಲು ಸುರು ಮಾಡಿದವನು. ಈಗ ಅದೊಂದು ಹುಚ್ಚೇ ಆಗಿದೆ ಅಂತ ಮನೆಯವರ ದೂರು. ಮೋಡಗಳಿಗೆ ಇಂದಿಗೂ ಬಳಕೆಯಲ್ಲಿರುವ ಹೆಸರುಗಳನ್ನು 1802ರಲ್ಲಿ ಕೊಟ್ಟ ಲ್ಯೂಕ್ ಹೋವರ್ಡ್ ಕೂಡ ಲಂಡನ್ನಿನ ಔಷಧ ತಯಾರಕ, ಮೋಡ ನೋಡುವುದು ಅವನಿಗೆ ಹವ್ಯಾಸ. ಹಾಗಾಗಿ ಕೃಷಿಕನೂ ನೋಡಬಹುದು ಎಂಬ ಧೈರ್ಯ ನನ್ನದು. ಕಲಿತದ್ದನ್ನೂ ಒಮ್ಮೆ ಕಲಿತದ್ದನ್ನೇ ತಪ್ಪಾಗಿ ಬಳಸಿ ಕಳಕೊಂಡದ್ದನ್ನೂ ಇಲ್ಲಿ ಹೇಳುತ್ತೇನೆ.

ಈ ಮಳೆ ಮುಂಗಾರಲ್ಲ

ಜೂನ್‌ನ ಮಳೆ ಕಡಲಿನ ಕಡೆಯಿಂದ, ಪಡುವಣದಿಂದ ಬರುತ್ತದೆ. ಮೋಡ ಊರಿಗೆ ಊರನ್ನೇ ಮುಚ್ಚುತ್ತದೆ. ಮಾರ್ಚ್‌ನಿಂದ ಮೇ ತನಕದ ಸಂಜೆ ಮಳೆಯ ಜಾತಕವೇ ಬೇರೆ. ನಮ್ಮಲ್ಲಿ ಅದು ಹೆಚ್ಚಾಗಿ ಘಟ್ಟದಲ್ಲಿ ಹುಟ್ಟಿ ಮೂಡಣದಿಂದ ಇಳಿಯುತ್ತದೆ. ಒಂದು ತೋಟಕ್ಕೆ ಸುರಿದರೆ ಹೊಳೆಯಾಚೆ ಧೂಳು ಹಾರುತ್ತಿರುತ್ತದೆ.

ಇದಕ್ಕೆ ಮೂರು ಸಾಮಾನು ಬೇಕು. ಒಂದು, ಗಾಳಿಯಲ್ಲಿ ನೀರಿನ ಪಸೆ. ಎರಡು, ಕೆಳಗೆ ಬಿಸಿ, ಮೇಲೆ ತಂಪು. ಆಗ ಏರಲು ಸುರುಮಾಡಿದ ಗಾಳಿ ತನ್ನಷ್ಟಕ್ಕೆ ಏರುತ್ತಲೇ ಹೋಗುತ್ತದೆ. ಮೂರು, ಮೊದಲು ಅದನ್ನು ಮೇಲಕ್ಕೆ ದೂಡುವ ಒಂದು ಕೈ. ನಮ್ಮಲ್ಲಿ ಆ ಕೆಲಸ ಮಾಡುವುದು ಕಡಲಗಾಳಿ ಮತ್ತು ಘಟ್ಟ. ಬಿಸಿಲು ಏರಿದಂತೆ ಕಡಲಗಾಳಿ ಒಳನಾಡಿಗೆ ನುಗ್ಗುತ್ತದೆ, ಘಟ್ಟದ ಗೋಡೆಗೆ ತಾಗಿ ಮೇಲೇರುತ್ತದೆ. ಮೂರರಲ್ಲಿ ಒಂದು ಕಮ್ಮಿಯಾದರೂ ಮೋಡ ಬರುತ್ತದೆ, ಮಳೆ ಬರುವುದಿಲ್ಲ.

ಒಂದು ಗುಡುಗಿನ ಮೋಡಕ್ಕೂ ಬಾಲ್ಯ, ಯೌವನ, ಮುಪ್ಪು ಇದೆ. 1946-47ರಲ್ಲಿ ಅಮೆರಿಕದಲ್ಲಿ ವಿಮಾನಗಳನ್ನು ಇಂಥ ಮೋಡಗಳ ಒಳಗೇ ಹಾರಿಸಿ ಇದನ್ನು ಕಂಡುಕೊಂಡರು. ಮೊದಲು ಒಳಗೆಲ್ಲ ಏರುಗಾಳಿ. ಮತ್ತೆ ಮಳೆ ಬೀಳಲು ಸುರುವಾದಾಗ ಅದರ ಜತೆ ತಣ್ಣಗಿನ ಗಾಳಿಯೂ ಕೆಳಗಿಳಿಯುತ್ತದೆ. ಕೊನೆಗೆ ಆ ಇಳಿಗಾಳಿಯೇ ಮೋಡದ ಬುಡ ಕಡಿಯುತ್ತದೆ. ಒಂದೇ ಮೋಡವಾದರೆ ಇಷ್ಟೆಲ್ಲ ಸುಮಾರು ಒಂದು ಗಂಟೆಯೊಳಗೆ ಮುಗಿಯುತ್ತದೆ. ಆದರೆ ಇಳಿದ ತಣ್ಣನೆ ಗಾಳಿ ಪಕ್ಕದ ಬಿಸಿಗಾಳಿಯನ್ನು ಎತ್ತಿ ಹೊಸ ಮೋಡ ಹುಟ್ಟಿಸಬಹುದು. ಘಟ್ಟದಲ್ಲಿ ಸತ್ತ ಮೋಡದ ಮರಿ ನಮ್ಮ ತಲೆ ಮೇಲೆ ಸುರಿಯುವುದು ಹೀಗೆ.

ನಾನು ನೋಡುವ ಗುರುತುಗಳು

ಬೆಳಿಗ್ಗೆ ಏಳು ಗಂಟೆ: ಮಧ್ಯ ಎತ್ತರದಲ್ಲಿ ಸಣ್ಣ ಸಣ್ಣ ಮೋಡಗಳ ಸಾಲು ಇದೆಯೇ? ಅವುಗಳ ತಲೆ ಕೋಟೆಯ ತೆನೆಯ ಹಾಗೆ ಎದ್ದಿದೆಯೇ? ಇದ್ದರೆ ಮೇಲಿನ ಗಾಳಿ ಸಡಿಲವಾಗಿದೆ ಎಂದರ್ಥ. ಆ ದಿನ ನಾನು ಎಚ್ಚರ.

ಹನ್ನೊಂದು ಗಂಟೆ: ಸೆಕೆಯ ಅಳತೆ. ಮೈಗೆ ಅಂಟುವ ಸೆಕೆಯನ್ನು ಮೈಯೇ ಹೇಳುತ್ತದೆ, ಆದರೆ ಮೈಯನ್ನು ಪುಸ್ತಕದಲ್ಲಿ ಬರೆದಿಡಲಿಕ್ಕಾಗುವುದಿಲ್ಲ. ಅದಕ್ಕೆ ಎರಡು ಥರ್ಮಾಮೀಟರ್ ನೆರಳಲ್ಲಿ ತೂಗಹಾಕಿ, ಒಂದರ ಬುಡಕ್ಕೆ ಒದ್ದೆ ಬಟ್ಟೆಯ ಬತ್ತಿ ಸುತ್ತಿದ್ದೇನೆ. ಬೀಸಣಿಗೆಯಲ್ಲಿ ಸ್ವಲ್ಪ ಹೊತ್ತು ಗಾಳಿ ಹಾಕಿ ಓದಬೇಕು. ಒಣಗಿದ್ದು 34 ಡಿಗ್ರಿ, ಒದ್ದೆಯದ್ದು 27 ತೋರಿಸಿದರೆ ಆರ್ದ್ರತೆ ಶೇಕಡಾ 58ರ ಹತ್ತಿರ. ಒಣಗಿದ್ದು 35, ಒದ್ದೆಯದ್ದು 23 ಆದರೆ ಶೇಕಡಾ 36 ಮಾತ್ರ. ಅಂತರ ಹೆಚ್ಚಿದ್ದಷ್ಟು ಪಸೆ ಕಮ್ಮಿ, ಮಳೆಯ ಆಸೆಯೂ ಕಮ್ಮಿ.

ಹನ್ನೆರಡರಿಂದ ಎರಡು: ಮೋಡದ ತಲೆ. ಬುಡ ಚಪ್ಪಟೆ, ತಲೆ ಹೂಕೋಸಿನ ಹಾಗೆ ಗಂಟುಗಂಟು, ಅಂಚು ಹರಿತ ಇದ್ದರೆ ಮೋಡ ಇನ್ನೂ ಬೆಳೆಯುತ್ತಿದೆ. ಅಂಚು ಹಿಂಜಿದ ಹತ್ತಿಯಂತಾಗಿ ಕಮ್ಮಾರನ ಅಡಿಗಲ್ಲಿನ ಹಾಗೆ ಅಗಲಕ್ಕೆ ಹರಡಿದರೆ ಮೋಡ ಹತ್ತು ಹನ್ನೆರಡು ಕಿಲೋಮೀಟರಿಗಿಂತಲೂ ಮೇಲೆ ಮುಟ್ಟಿದೆ, ತುದಿ ಹಿಮವಾಗಿದೆ. ಅಲ್ಲಿ ಈಗಾಗಲೇ ಸಿಡಿಲಿದೆ ಎಂದೇ ತಿಳಿಯಬೇಕು.

ಅದೇ ಹೊತ್ತು, ಮೋಡದ ದಾರಿ: ಅಂಗಳದಲ್ಲಿ ಒಂದು ಕನ್ನಡಿಯನ್ನು ಮಲಗಿಸಿ ಇಡಿ. ಸುತ್ತ ಮೂಡು, ಪಡು, ಬಡಗು, ತೆಂಕು ಗುರುತು ಹಾಕಿ. ಕನ್ನಡಿಯ ನಡುವಿನ ಚುಕ್ಕೆಯಿಂದ ಮೋಡದ ತುಂಡು ಯಾವ ಕಡೆಗೆ ಜಾರುತ್ತದೆ ನೋಡಿ. ಕುತ್ತಿಗೆ ನೋವಿಲ್ಲ, ಕಣ್ಣಿಗೆ ಮೋಸವಿಲ್ಲ. ಸೂರ್ಯನ ಬಿಂಬ ಬೀಳದ ಹಾಗೆ ಮಾತ್ರ ನಿಲ್ಲಬೇಕು. ಮಧ್ಯ ಎತ್ತರದ ಮೋಡ ಮೂಡಣದಿಂದ ಪಡುವಣಕ್ಕೆ ಹೋಗುತ್ತಿದ್ದರೆ ಘಟ್ಟದ ಮಳೆ ನಮ್ಮಲ್ಲಿಗೆ ಇಳಿದೀತು. ತಿರುಗಾ ಮೂಡಕ್ಕೇ ಹೋಗುತ್ತಿದ್ದರೆ ಅದು ಘಟ್ಟದ ಮೇಲಿನವರ ಪಾಲು.

ಕೊನೆಯದು ಗಾಳಿ: ಇಡೀ ಮಧ್ಯಾಹ್ನ ಪಡುವಣದಿಂದ ಬೀಸಿದ ಗಾಳಿ ನಿಂತು, ಒಮ್ಮೆಲೇ ಮೂಡಣದಿಂದ ತಣ್ಣಗೆ ಬೀಸಿದರೆ ಅದು ಮೋಡದಿಂದ ಇಳಿದ ಗಾಳಿ. ಹೆಚ್ಚಾಗಿ ಹಿಂದಿನಿಂದಲೇ ಮಳೆ.

ಮೊಬೈಲು ಏನು ಕೊಡುತ್ತದೆ?

ಹಿಂದೆ ಮೀಡಿಯಂ ವೇವ್ ರೇಡಿಯೋದ ಪಟಪಟ ಸದ್ದೇ ನಮಗೆ ಸಿಡಿಲಿನ ಸೂಚನೆ. ಈಗಲೂ ಅದು ನಡೆಯುತ್ತದೆ. ಆದರೆ ಇಂದು ಹವಾಮಾನ ಇಲಾಖೆಯ ರಾಡಾರ್ ಚಿತ್ರ, ಇನ್ಸಾಟ್ ಉಪಗ್ರಹದ ಚಿತ್ರ ಮೊಬೈಲಿನಲ್ಲೇ ಸಿಗುತ್ತವೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಸುತ್ತಮುತ್ತ ಬಿದ್ದ ಸಿಡಿಲನ್ನು ತೋರಿಸುತ್ತದೆ. ಇಲಾಖೆಯ ಮುನ್ಸೂಚನೆ 'ಜಿಲ್ಲೆಯ ಕೆಲವೆಡೆ ಗುಡುಗು ಸಹಿತ ಮಳೆ' ಎನ್ನುತ್ತದೆ. ಅದು ತಪ್ಪಲ್ಲ. ಆ 'ಕೆಲವೆಡೆ'ಯಲ್ಲಿ ನನ್ನ ಅಂಗಳ ಇದೆಯಾ ಎಂಬುದಷ್ಟೇ ನನ್ನ ಪ್ರಶ್ನೆ. ಹಾಗಾಗಿ ಬೆಳಿಗ್ಗೆ ಮುನ್ಸೂಚನೆ, ಮಧ್ಯಾಹ್ನ ರಾಡಾರ್, ಮತ್ತೆ ನನ್ನದೇ ಕಣ್ಣು ಎಂಬುದು ನನ್ನ ಕ್ರಮ. ಸಿಗ್ನಲ್ ಇಲ್ಲದ ದಿನ ಕಣ್ಣು ಮಾತ್ರ.

ನಿಮ್ಮ ಅಂದಾಜಿಗೆ ಮಾರ್ಕು ಹಾಕಿ

"ನಾನು ಹೇಳಿದ್ದು ತಪ್ಪಿದ್ದೇ ಇಲ್ಲ" ಎನ್ನುವವರು ಪ್ರತಿ ಊರಲ್ಲೂ ಇದ್ದಾರೆ. ತಪ್ಪಿದ್ದು ಮರೆತುಹೋಗುತ್ತದೆ, ಅಷ್ಟೆ. ಅದಕ್ಕೆ ಪುಸ್ತಕ ಬೇಕು. ನಾನು ಮಧ್ಯಾಹ್ನ ಒಂದು ಗಂಟೆಗೆ 'ಬರುತ್ತದೆ' ಅಥವಾ 'ಇಲ್ಲ' ಎಂದು ಬರೆಯುತ್ತೇನೆ. 'ಬಂದರೂ ಬರಬಹುದು' ಬರೆಯುವಂತಿಲ್ಲ. ಮರುದಿನ ಪಕ್ಕದಲ್ಲಿ ಆದದ್ದನ್ನು ಬರೆಯುತ್ತೇನೆ.

ಲೆಕ್ಕ ಹಾಕುವಾಗ ಒಂದು ಹೊಂಡ ಇದೆ. 1884ರಲ್ಲಿ ಅಮೆರಿಕದಲ್ಲಿ ಫಿನ್ಲಿ ಎಂಬವರು ಸುಂಟರಗಾಳಿಯ ಮುನ್ಸೂಚನೆ ಕೊಟ್ಟರು. 2803 ಮುನ್ಸೂಚನೆಗಳಲ್ಲಿ 2708 ಸರಿ, ಅಂದರೆ ಶೇಕಡಾ 96.6. ಎಲ್ಲರೂ ಬೆರಗಾದರು. ಆಗ ಗಿಲ್ಬರ್ಟ್ ಎಂಬ ಭೂವಿಜ್ಞಾನಿ ಒಂದು ಮಾತು ತೋರಿಸಿಕೊಟ್ಟರು: ಕಣ್ಣು ಮುಚ್ಚಿ ಪ್ರತಿ ಸಲ 'ಸುಂಟರಗಾಳಿ ಇಲ್ಲ' ಎಂದಿದ್ದರೆ ಶೇಕಡಾ 98.2 ಸರಿಯಾಗುತ್ತಿತ್ತು! ನಿಜಕ್ಕೂ ಬಂದ 51ರಲ್ಲಿ ಫಿನ್ಲಿ ಹಿಡಿದದ್ದು 28. ಸುಮ್ಮನೆ ಹೆದರಿಸಿದ್ದು 72 ಸಲ.

ಏಪ್ರಿಲ್‌ನಲ್ಲೂ ಮಳೆಯಿಲ್ಲದ ದಿನಗಳೇ ಹೆಚ್ಚು. ಹಾಗಾಗಿ ಒಟ್ಟು ಎಷ್ಟು ಸರಿ ಎಂದು ನೋಡಬೇಡಿ. ಎರಡು ಪ್ರಶ್ನೆ ಕೇಳಿ: ಬಂದ ಮಳೆಗಳಲ್ಲಿ ಎಷ್ಟನ್ನು ಮೊದಲೇ ಹೇಳಿದ್ದೆ? 'ಬರುತ್ತದೆ' ಎಂದವುಗಳಲ್ಲಿ ಎಷ್ಟು ಸುಳ್ಳಾಯಿತು? ಎರಡರಲ್ಲಿ ಯಾವ ತಪ್ಪು ದುಬಾರಿ ಎಂಬುದು ಅಂಗಳದಲ್ಲಿ ಏನಿದೆ ಎಂಬುದರ ಮೇಲೆ ಹೋಗುತ್ತದೆ. ಹಸಿ ಹಣ್ಣಡಿಕೆಯಾದರೆ ನಾನು ಸ್ವಲ್ಪ ಧೈರ್ಯ ಮಾಡುತ್ತೇನೆ. ಮೂವತ್ತೈದು ದಿನ ಒಣಗಿದ್ದಾದರೆ ಅರೆ ಸಂಶಯಕ್ಕೂ ಮುಚ್ಚುತ್ತೇನೆ, ಹತ್ತು ಸಲ ಸುಳ್ಳಾದರೂ ಬೇಸರವಿಲ್ಲ.

ಇನ್ನೊಂದು ಸಂಗತಿ. ಮಳೆಮಾಪಕವನ್ನು ಬೆಳಿಗ್ಗೆ 8.30ಕ್ಕೆ ಓದುವುದು ಇಲಾಖೆಯ ಕ್ರಮ. ನಾನೂ ಹಾಗೇ ಮಾಡುತ್ತೇನೆ. ಆದರೆ ನಿನ್ನೆ ಸಂಜೆಯ ಮಳೆ ಇವತ್ತಿನ ತಾರೀಕಿಗೆ ಬರುತ್ತದೆ. ಸುರುವಿಗೆ ಇದು ತಿಳಿಯದೆ ನನ್ನ ಪುಸ್ತಕವೆಲ್ಲ ಒಂದು ದಿನ ಆಚೀಚೆ ಆಗಿತ್ತು. ಈಗ ಮಳೆ ಸುರುವಾದ ಗಂಟೆ, ಬಂದ ದಿಕ್ಕು ಕೂಡ ಬರೆಯುತ್ತೇನೆ. ಅಳತೆಯ ಲಾಭ ತೋಟಕ್ಕೂ ಇದೆ: 25 ಮಿಲಿಮೀಟರ್ ಬಿದ್ದರೆ ಎಕ್ರೆಗೆ ಸುಮಾರು ಒಂದು ಲಕ್ಷ ಲೀಟರ್ ನೀರು. ಪಂಪಿಗೆ ರಜೆ ಕೊಡುವುದು ಗುಡುಗಿನ ಸದ್ದು ಕೇಳಿ ಅಲ್ಲ, ಮಾಪಕ ನೋಡಿ.

ಎಣಿಸಿದ್ದು ಸರಿ, ಮಾಡಿದ್ದು ತಪ್ಪು

ಕೆಲವು ವರ್ಷಗಳ ಹಿಂದೆ, ಭರಣಿಯ ಕಾಲ. ಆ ದಿನ 'ಬರುತ್ತದೆ' ಎಂದು ಬರೆದಿದ್ದೆ. ಆದರೂ ಇನ್ನೊಂದು ಗಂಟೆ ಬಿಸಿಲು ಸಿಗಲಿ ಎಂಬ ಆಸೆಗೆ ಅಡಿಕೆ ಹರಡಿಯೇ ಇತ್ತು. ನಾಲ್ಕು ಗಂಟೆಗೆ ಮಿಂಚಿತು. ನಾನು ಎಣಿಸಿದೆ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು. ಇಪ್ಪತ್ನಾಲ್ಕಕ್ಕೆ ಗುಡುಗಿತು. "ಎಂಟು ಕಿಲೋಮೀಟರ್ ದೂರ ಉಂಟು, ಗಡಿಬಿಡಿ ಬೇಡ, ರಾಶಿ ಮಾಡುವ" ಎಂದೆ. ನಾವು ನಾಲ್ಕು ಜನ ಅಂಗಳದಲ್ಲಿದ್ದೆವು. ಒಂದು ಹನಿ ಮಳೆ ಬಿದ್ದಿರಲಿಲ್ಲ.

ಮುಂದಿನ ಮಿಂಚಿಗೆ ಎಣಿಸಲು ಏನೂ ಇರಲಿಲ್ಲ. ಅಂಗಳದ ಕೆಳಗಿನ ಹಲಸಿನ ಮರಕ್ಕೆ ಬಡಿಯಿತು. ಬುಡದಲ್ಲಿ ಕಟ್ಟಿದ್ದ ಗಬ್ಬದ ದನ ಅಲ್ಲೇ ಬಿತ್ತು. ಕೈಯಲ್ಲಿದ್ದ ಬುಟ್ಟಿ ಬಿಟ್ಟು ಕೆಲಸದಾಕೆ ಕಿವಿ ಮುಚ್ಚಿ ಕೂತದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ದನದಿಂದ ಅವಳಿಗೆ ಹದಿನೈದು ಮಾರು ಅಂತರ. ಅವಳನ್ನು ಅಲ್ಲಿ ನಿಲ್ಲಿಸಿದ್ದು ನನ್ನ ಲೆಕ್ಕ.

ಲೆಕ್ಕ ತಪ್ಪಿರಲಿಲ್ಲ. ಆ ಮಿಂಚು ನಿಜಕ್ಕೂ ಎಂಟು ಕಿಲೋಮೀಟರ್ ದೂರದ್ದೇ. ಆದರೆ ಮುಂದಿನದ್ದು ಎಲ್ಲಿಗೆ ಎಂದು ಅದು ಹೇಳುವುದಿಲ್ಲ. ಮಳೆ ಬೀಳುವ ಜಾಗದಿಂದ ಹತ್ತು ಕಿಲೋಮೀಟರ್ ಆಚೆಗೂ ಸಿಡಿಲು ಹಾರುತ್ತದೆ. ಮೂವತ್ತು ಸೆಕೆಂಡಿನ ಒಳಗೆ ಗುಡುಗಿದರೆ ಒಳಗೆ ಹೋಗಬೇಕು. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಹೊರಗೆ ಬರಬಾರದು. ಎಣಿಸುವುದು ಒಳಗೆ ಹೋಗಲಿಕ್ಕೆ, ಕೆಲಸ ಮುಗಿಸಲಿಕ್ಕಲ್ಲ.

ಈಗ ನಮ್ಮಲ್ಲಿ ನಿಯಮ ಹೀಗಿದೆ. 'ಬರುತ್ತದೆ' ಎಂದು ಬರೆದ ದಿನ ಮೂರು ಗಂಟೆಯೊಳಗೆ ರಾಶಿ, ಟಾರ್ಪಾಲು. ದನಗಳು ಹಟ್ಟಿಯಲ್ಲಿ, ಮರದ ಬುಡದಲ್ಲಿ ಯಾವುದೂ ಇಲ್ಲ. ಪಂಪು, ಟಿವಿಯ ಪ್ಲಗ್ಗು ಮೊದಲೇ ತೆಗೆಯುವುದು, ಗುಡುಗುವಾಗ ಮುಟ್ಟುವುದಲ್ಲ. ಮೊದಲ ಗುಡುಗು ಕೇಳಿದರೆ ಅಡಿಕೆ ಇದ್ದಲ್ಲೇ ಇರಲಿ, ಜನ ಒಳಗೆ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಮುಟ್ಟಬಹುದು, ಉಸಿರು ನಿಂತಿದ್ದರೆ ಎದೆ ಒತ್ತಿ ಉಳಿಸಲೂಬಹುದು. ಇದನ್ನು ಮನೆಯ ಎಲ್ಲರಿಗೂ ಹೇಳಿಕೊಟ್ಟಿದ್ದೇನೆ.

ಒಬ್ಬನಿಂದ ಆಗುವ ಕೆಲಸವಲ್ಲ

ನನ್ನ ಪುಸ್ತಕ ನನ್ನ ಅಂಗಳದ ಕತೆ ಮಾತ್ರ ಹೇಳುತ್ತದೆ. 1924ರಲ್ಲಿ ಇಂಗ್ಲೆಂಡಿನ ಮೋರಿಸ್ ಬೋವರ್ ಎಂಬ ಹವ್ಯಾಸಿ ಊರೂರಿನ ಆಸಕ್ತರಿಂದ ಗುಡುಗುಮಳೆಯ ವರದಿ ತರಿಸಿ ಒಟ್ಟುಮಾಡಲು ಸುರುಮಾಡಿದರು. ನಾವೂ ಮಾಡಬಹುದು. ಘಟ್ಟದ ಬುಡದಿಂದ ಕಡಲಿನ ತನಕ ಹತ್ತು ಜನ ಮಳೆ ಸುರುವಾದ ಗಂಟೆ, ದಿಕ್ಕು, ಅಳತೆ ಮೂರನ್ನೇ ಬರೆದರೂ ಸಾಕು, ಮಳೆ ಇಳಿಯುವ ದಾರಿ ಕಂಡೀತು. ಮೇಲಿನ ಊರಿನವರ ಒಂದು ಫೋನು ಕೆಳಗಿನವರಿಗೆ ಅರ್ಧ ಗಂಟೆ ಕೊಟ್ಟೀತು.

ಅಜ್ಜನ ಕಾಲದ ಮಳೆ ಪುಸ್ತಕ ನಿಮ್ಮ ಅಟ್ಟದಲ್ಲಿದ್ದರೆ ಕೆಳಗಿಳಿಸಿ. ಇಲ್ಲದಿದ್ದರೆ ಈ ಬೇಸಿಗೆಗೆ ಒಂದು ಹೊಸ ಪುಸ್ತಕ ತೆಗೆಯಿರಿ. ತಪ್ಪಿದ್ದನ್ನೂ ಬರೆಯಿರಿ. ಪತ್ರಿಕೆಗೂ ತಿಳಿಸಿ.