ಕೆಳಗೆ ಕೂಡುವವರು — ನೀನಾಸಂ ಬೆಳೆದ ಬಗೆ

ಊರಿನ ಕಲಾಸಂಘಗಳ ಬಗ್ಗೆ ಏನಾದರೂ ಬರೆದುಕೊಡಿ ಎಂದು ಬಳಗದ ಗೆಳೆಯರು ಕೇಳಿದಾಗ ನಾನು ಮೊದಲು ಒಪ್ಪಲಿಲ್ಲ. ಕಾರಣ ಇಷ್ಟೆ: ಇಂಥದೊಂದು ಸಂಘ ಕಟ್ಟಲು ಹೋಗಿ ಕೈ ಸುಟ್ಟುಕೊಂಡವನು ನಾನು. ಆಮೇಲೆ, ಸುಟ್ಟುಕೊಂಡವನೇ ಬರೆಯಲಿ ಬಿಡಿ ಅನ್ನಿಸಿತು.

ನಾನಿರುವುದು ಚಾಕಣದಲ್ಲಿ. ಪುಣೆಯಿಂದ ನಾಸಿಕದ ದಾರಿ ಹಿಡಿದರೆ ಸುಮಾರು ಮೂವತ್ತು ಕಿಲೋಮೀಟರ್. 1660ರಲ್ಲಿ ಶಾಯಿಸ್ತಾಖಾನನ ಸೇನೆಯನ್ನು ಫಿರಂಗೋಜಿ ನರಸಾಳ ಹೆಚ್ಚುಕಡಿಮೆ ಎರಡು ತಿಂಗಳು ತಡೆದು ನಿಲ್ಲಿಸಿದ ಕೋಟೆ ಇಲ್ಲಿಯದು. ಈಗ ಕೋಟೆ ನೋಡಲು ಬರುವವರಿಗಿಂತ ಈರುಳ್ಳಿ ಪೇಟೆಗೆ ಬರುವವರೂ ಮೋಟಾರು ಕಾರ್ಖಾನೆಗಳಿಗೆ ಬರುವವರೂ ಹೆಚ್ಚು. ಕಾರ್ಖಾನೆಗೆ ಬಂದವರಲ್ಲಿ ವಿಜಯಪುರ, ಕಲಬುರಗಿ, ಬೀದರ ಕಡೆಯ ನಮ್ಮ ಜನವೂ ಉಂಟು. ಕನ್ನಡ ಎಂ.ಎ. ಮಾಡಿದ ನಾನು ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಲೆಕ್ಕ ಬರೆಯುತ್ತೇನೆ.

ಮೂರು ವರ್ಷದ ಹಿಂದೆ ನಾವು ಇಪ್ಪತ್ತೆರಡು ಮಂದಿ ಸೇರಿ ರಾಜ್ಯೋತ್ಸವಕ್ಕೆ ನಾಟಕ ಆಡಿದೆವು. ಮಂಗಲ ಕಾರ್ಯಾಲಯ ಬಾಡಿಗೆ, ಧ್ವನಿವರ್ಧಕ, ಬಣ್ಣದ ದೀಪ, ಬಾಡಿಗೆ ಕಿರೀಟ, ಒಟ್ಟು ನಲವತ್ತೊಂದು ಸಾವಿರ. ಕೆಳಗೆ ಕೂತವರು ಮೂವತ್ತಕ್ಕೆ ಮೀರಿರಲಿಲ್ಲ. ಹತ್ತು ಗಂಟೆಗೆ ರಾತ್ರಿ ಪಾಳಿಯವರು ಎದ್ದುಹೋದರು. ಉಳಿದವರು ಊಟದ ಪಂಕ್ತಿಯ ಕಡೆ ಸರಿದರು. ಮರುವರ್ಷ ನಾಯಕನ ಪಾತ್ರ ಯಾರಿಗೆ ಎಂಬ ಜಗಳದಲ್ಲಿ ಸಂಘವೇ ಮುರಿಯಿತು. ಕೊನೆಯ ಸಭೆಯಲ್ಲಿ ಇಂಡಿ ಕಡೆಯ ಒಬ್ಬ ವೆಲ್ಡರ್ ಒಂದೇ ಮಾತು ಕೇಳಿ ಕೂತ: "ಎಲ್ಲಾರೂ ಮ್ಯಾಲೆ ನಿಂತ್ರ ಕೆಳಗ ಕೂಡಾವ್ರ ಯಾರ್ರಿ ಸರ?"

ಯಾರೂ ಉತ್ತರ ಕೊಡಲಿಲ್ಲ. ನನಗೂ ಹೊಳೆಯಲಿಲ್ಲ. ಆ ಪ್ರಶ್ನೆ ಹಿಡಿದುಕೊಂಡೇ ನಾನು ಹೆಗ್ಗೋಡಿನ ಕತೆಯನ್ನು ಮತ್ತೆ ಓದಿದ್ದು.

ಹೆಗ್ಗೋಡು ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಳ್ಳಿ. ಅಡಿಕೆ ತೋಟ, ಗುಡ್ಡ, ವರ್ಷದಲ್ಲಿ ನಾಲ್ಕು ತಿಂಗಳು ಬಿಡದ ಮಳೆ. 1949ರಲ್ಲಿ ಅಲ್ಲಿಯ ಆಸಕ್ತರು ಕೂಡಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದರು. ಹೆಸರು ಊರ ದೇವರದ್ದು. ಬಾಯಲ್ಲಿ ಸವೆದು 'ನೀನಾಸಂ' ಆಯಿತು. ಮುಂದೆ ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಹುಟ್ಟಿದ್ದು 1932ರಲ್ಲಿ. ಅಂದರೆ ಆಗಿನ್ನೂ ಹದಿನೇಳರ ಹುಡುಗ. ಮೈಸೂರಿನಲ್ಲಿ ಓದಿ, ಕುವೆಂಪು ಅವರಂಥ ಗುರುಗಳ ಪಾಠ ಕೇಳಿ, ಊರಿಗೇ ಮರಳಿ ತೋಟ ನೋಡಿಕೊಂಡು ನಿಂತರು. ಓದಿದವರು ಊರು ಬಿಡುವುದೇ ರೂಢಿಯಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. (ಚಾಕಣದಲ್ಲಿ ಕೂತು ಇದನ್ನು ಬರೆಯುವ ನನಗೆ ಈ ಮಾತು ಆಡುವ ಹಕ್ಕು ಎಷ್ಟಿದೆ ಎಂಬುದು ಬೇರೆ.)

ನಮ್ಮ ಪಠ್ಯಗಳು ನೀನಾಸಂ ಎಂದರೆ ನಾಟಕ ಶಾಲೆ ಎಂದು ಹೇಳಿ ಮುಗಿಸುತ್ತವೆ. ನಾವೂ ಪರೀಕ್ಷೆಗೆ ಅಷ್ಟೇ ಬರೆಯುತ್ತೇವೆ. ಆದರೆ ಇಸವಿಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಸಂಘ 1949. ಶಿವರಾಮ ಕಾರಂತರ ಹೆಸರಿನ ರಂಗಮಂದಿರ 1972. ಚಿತ್ರಸಮಾಜ 1973. ರಂಗಶಿಕ್ಷಣ ಕೇಂದ್ರ 1980. ತಿರುಗಾಟ 1985. ಊರವರು ಆಡುವುದೂ ನೋಡುವುದೂ ಇಪ್ಪತ್ತಮೂರು ವರ್ಷ ನಡೆದ ಮೇಲೆ ರಂಗಮಂದಿರ. ನಟರನ್ನು ತಯಾರು ಮಾಡುವ ಶಾಲೆ ಬಂದದ್ದು ಮೂವತ್ತೊಂದನೆಯ ವರ್ಷಕ್ಕೆ. ಅದಕ್ಕಿಂತ ಏಳು ವರ್ಷ ಮೊದಲೇ ಒಳ್ಳೆಯ ಸಿನಿಮಾ ನೋಡಲು ಕಲಿಸುವ ಚಿತ್ರಸಮಾಜ ಹುಟ್ಟಿತ್ತು. ನೋಡುವವರು ಮೊದಲು, ಆಡುವವರು ಆಮೇಲೆ. ನನ್ನ ಮಟ್ಟಿಗೆ ಈ ಸಂಘದ ಇತಿಹಾಸದ ತಿರುಳು ಈ ಕ್ರಮದಲ್ಲಿದೆ. ನಾವು ಚಾಕಣದಲ್ಲಿ ಮೊದಲ ವರ್ಷವೇ ಬಣ್ಣದ ದೀಪ ತರಿಸಿದೆವು.

ಚಿತ್ರಸಮಾಜದ ಮಾತಿಗೆ ಬಂದರೆ ನಾನಿರುವ ಸೀಮೆಯೂ ಕತೆಯೊಳಗೆ ಬರುತ್ತದೆ. ಈ ಕಡೆಗೂ ಕನ್ನಡಕ್ಕೂ ಕಲೆಯ ಕೊಡುಕೊಳ್ಳುವಿಕೆ ಹಳೆಯದು. 1842ರಲ್ಲಿ ಉತ್ತರ ಕನ್ನಡದ ಭಾಗವತರ ಮೇಳವೊಂದು ಸಾಂಗಲಿಯ ಅರಸರ ಮುಂದೆ ಆಡಿತೆಂದೂ, ಅದನ್ನು ಕಂಡ ಅರಸರ ಪ್ರೇರಣೆಯಿಂದ ಮರುವರ್ಷ ವಿಷ್ಣುದಾಸ ಭಾವೆ 'ಸೀತಾ ಸ್ವಯಂವರ' ಆಡಿಸಿದರೆಂದೂ ರಂಗಭೂಮಿಯ ಚರಿತ್ರೆಯಲ್ಲಿ ಓದುತ್ತೇವೆ. ಮರಾಠಿ ನಾಟಕದ ಮೊದಲು ಅದು. ಮುಂದೆ ಮರಾಠಿ ಕಂಪನಿಗಳೇ ಕನ್ನಡ ನಾಡಿಗೆ ಬಂದು ಜನರನ್ನು ಸೆಳೆದಾಗ ಗದಗಿನಲ್ಲಿ ಶಾಂತಕವಿಗಳು ಕನ್ನಡದ್ದೇ ಮಂಡಳಿ ಕಟ್ಟಬೇಕಾಯಿತು. ಕೊಟ್ಟದ್ದು, ಕೊಂಡದ್ದು, ಎರಡೂ ಇದೆ.

ಅದೇ ದಾರಿಯಲ್ಲಿ 1970ರ ದಶಕದಲ್ಲಿ ಸಿನಿಮಾ ಹೋಯಿತು. ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಗಿತ್ತು. ಅದನ್ನು ಕಟ್ಟಿದವರು ಪಿ.ಕೆ. ನಾಯರ್. ಸಿನಿಮಾ ನೋಡುವುದು ಹೇಗೆ ಎಂಬುದನ್ನೇ ಪಾಠವಾಗಿ ಮಾಡಿದ ಸತೀಶ್ ಬಹಾದೂರ್ ಅವರು ಅಲ್ಲಿಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕರು. ಇಬ್ಬರ ನೆರವೂ ಹೆಗ್ಗೋಡಿಗೆ ಸಿಕ್ಕಿತು. 'ಪಥೇರ್ ಪಾಂಚಾಲಿ', 'ರಾಶೋಮನ್', 'ಬೈಸಿಕಲ್ ಥೀವ್ಸ್' ಮೊದಲಾದ ಚಿತ್ರಗಳನ್ನು ತೋಟದ ಕೆಲಸ ಮುಗಿಸಿ ಬಂದ ಜನ ಕೂತು ನೋಡಿದರು, ಅವುಗಳ ಮೇಲೆ ಚರ್ಚೆ ಮಾಡಿದರು. ನಾಯರ್ ಅವರ ಬಗ್ಗೆ 2012ರಲ್ಲಿ ಬಂದ 'ಸೆಲ್ಯುಲಾಯ್ಡ್ ಮ್ಯಾನ್' ಎಂಬ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನವರು ಆ ಚಿತ್ರಗಳನ್ನು ನೆನೆಸಿಕೊಳ್ಳುತ್ತಾರೆ. ಅದನ್ನು ನೋಡಿ ನನಗೆ ನಾಚಿಕೆಯಾಯಿತು. ಸಂಗ್ರಹಾಲಯದಿಂದ ಮೂವತ್ತು ಕಿಲೋಮೀಟರ್ ದೂರದಲ್ಲಿರುವವನು ನಾನು. ಒಮ್ಮೆಯೂ ಅದರ ಬಾಗಿಲಿಗೆ ಹೋಗಿರಲಿಲ್ಲ. ಸಹ್ಯಾದ್ರಿಯ ಮಳೆಯಲ್ಲಿದ್ದವರು ಹೋಗಿ ಕೇಳಿದ್ದರು.

ಹೀಗೆ ನೋಡಿ ಪಳಗಿದ ಜನ ಇದ್ದುದರಿಂದಲೇ 1980ರ ಶಾಲೆಗೆ ಅರ್ಥ ಬಂತು ಎಂದು ನನ್ನ ವಾದ. ಕಲಿತ ಹುಡುಗರು ಆಡಿದ್ದನ್ನು ತೂಗಿ ಹೇಳುವ ಊರು ಸುತ್ತ ಇತ್ತು. 1983ರ ಹೊತ್ತಿಗೆ ಫೋರ್ಡ್ ಫೌಂಡೇಶನ್ನಿನ ನೆರವಿನಿಂದ 'ಜನಸ್ಪಂದನ' ಎಂಬ ಯೋಜನೆ ಹೊರಟಿತು. ರಾಜ್ಯದ ಬೇರೆ ಬೇರೆ ಊರುಗಳಲ್ಲಿ ನಾಟಕದ ಶಿಬಿರ, ಸಿನಿಮಾ ರಸಗ್ರಹಣ ಶಿಬಿರ. ಅದೇ ದಶಕದಲ್ಲಿ ಉತ್ತರ ಕನ್ನಡದ ಮಂಚಿಕೇರಿಯಲ್ಲಿ ಸಿದ್ದಿ ಜನರೇ ನಟರಾಗಿ ಚಿನುವ ಅಚಿಬೆಯ ಕಾದಂಬರಿಯನ್ನು ರಂಗಕ್ಕೆ ತಂದರು. ನಿರ್ದೇಶಕರು ಚಿದಂಬರರಾವ್ ಜಂಬೆ. ಆಫ್ರಿಕಾದಿಂದ ಬಂದವರ ಸಂತತಿ ಆಫ್ರಿಕಾದ ಕತೆಯನ್ನು ಕನ್ನಡದಲ್ಲಿ ಆಡಿತು. ತೌಲನಿಕ ಸಾಹಿತ್ಯ ಓದುವವರು ಈ ಒಂದು ಪ್ರಯೋಗದ ಮೇಲೇ ಒಂದು ಪ್ರಬಂಧ ಬರೆಯಬಹುದು.

ತಿರುಗಾಟದ ಹೆಸರು ಯಕ್ಷಗಾನ ಮೇಳಗಳಿಂದ ಬಂದದ್ದು. ಮಳೆಗಾಲದಲ್ಲಿ ತಾಲೀಮು, ಮಳೆ ನಿಂತ ಮೇಲೆ ಊರೂರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡರು. ಕಟ್ಟಿದವರು ಹೋದ ಮೇಲೂ ಸಂಘ ನಿಂತಿತು. ನಮ್ಮದು ನಾಯಕನ ಪಾತ್ರಕ್ಕೇ ಮುರಿಯಿತಲ್ಲ!

ಒಂದು ಆಕ್ಷೇಪ ಇಲ್ಲಿ ಬರಬೇಕು, ಬರಲಿ. ಅಡಿಕೆಗೆ ಬೆಲೆ ಇದ್ದ ಊರು, ಓದು ಇದ್ದ ಮನೆಗಳು, ಅಲ್ಲಿ ಸಂಘ ನಡೆಯುವುದು ಏನು ದೊಡ್ಡದು ಎಂದು ನನ್ನ ಜೊತೆಯವನೊಬ್ಬ ಕೇಳಿದ. ಮಾತಿನಲ್ಲಿ ಹುರುಳಿದೆ. ತೋಟದವನಿಗೆ ಸಂಜೆ ತನ್ನದು, ಪಾಳಿಯವನಿಗೆ ಅಲ್ಲ. ಆದರೆ ಅಡಿಕೆ ಬೆಳೆಯುವ ಹಳ್ಳಿಗಳು ಮಲೆನಾಡಿನಲ್ಲಿ ಎಷ್ಟೋ ಇವೆ; ಹೆಗ್ಗೋಡು ಒಂದೇ. ದುಡ್ಡು ಮಾತ್ರ ಕಾರಣವಾಗಿದ್ದರೆ ನಮ್ಮ ನಲವತ್ತೊಂದು ಸಾವಿರಕ್ಕೂ ಏನೋ ಒಂದು ಉಳಿಯಬೇಕಿತ್ತು. ಉಳಿದದ್ದು ಬಾಡಿಗೆ ಕಿರೀಟದ ರಸೀದಿ.

ನಮ್ಮ ಕಾರ್ಖಾನೆಗೆ ಗುರುವಾರ ವಾರದ ರಜೆ. ಹೋದ ತಿಂಗಳು ಈರುಳ್ಳಿ ದಲಾಲರೊಬ್ಬರು ಅಂಗಡಿಯ ಮೇಲಿನ ಕೋಣೆಯನ್ನು ಸಂಜೆಗೆ ಬಿಟ್ಟುಕೊಟ್ಟರು. ಈ ಸಲ ನಾಟಕ ಇಲ್ಲ, ಪಾತ್ರ ಇಲ್ಲ, ಓದುವುದು ಮತ್ತು ಕೇಳುವುದು ಮಾತ್ರ ಎಂದು ಹೇಳಿಯೇ ಕರೆದೆ. ಒಂಬತ್ತು ಮಂದಿ ಬಂದರು. ಹಳೆಯ ಸಂಘದ ಜಗಳಗಂಟರಲ್ಲಿ ಒಬ್ಬ ಮಾತ್ರ. 'ಸಂಗ್ಯಾ ಬಾಳ್ಯಾ' ತೆಗೆದೆವು. ಅರ್ಧ ಆಗುವಷ್ಟರಲ್ಲಿ ಇಬ್ಬರು ರಾತ್ರಿ ಪಾಳಿಗೆಂದು ಎದ್ದರು. ಒಬ್ಬ ಆ ವೆಲ್ಡರ್. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ತಿರುಗಿ, "ಮುಂದ ಓದಬ್ಯಾಡ್ರಿ ಸರ, ಬರೋ ಗುರುವಾರ ಇಲ್ಲಿಂದನ ಚಾಲೂ ಮಾಡೂಣ" ಅಂದ. ಪುಟದ ಮೂಲೆ ಮಡಚಿಟ್ಟೆ.