ಮೆಕ್ಸಿಕೋ ನಗರದಲ್ಲಿ ಹೊಸ ಸಂಸಾರ

ಸೋದರಿ, ಪತಿಯ ಉದ್ಯೋಗನಿಮಿತ್ತವಾಗಿ ಮೆಕ್ಸಿಕೋ ನಗರಕ್ಕೆ ಹೊರಟಿರುವ ನೀವು ಮೊದಲು ಮಾಡಬೇಕಾದ ಕಾರ್ಯವಾವುದೆಂದು ಕೇಳಿರುವಿರಿ. ನಿವಾಸ ವೀಸಾ ಪಡೆದು ಆ ದೇಶವನ್ನು ಪ್ರವೇಶಿಸಿದವರು 30 ದಿನಗಳೊಳಗಾಗಿ ವಲಸೆ ಕಚೇರಿಯಲ್ಲಿ ನಿವಾಸಿ ಕಾರ್ಡಿಗೆ ಅರ್ಜಿ ಸಲ್ಲಿಸಬೇಕಾದುದು ಕಡ್ಡಾಯವಾದುದರಿಂದ, ಮನೆ ಹುಡುಕುವ ಸಂಭ್ರಮದಲ್ಲಿ ಅದನ್ನು ಮರೆಯದಿರಿ.

ನಗರವು ಸಮುದ್ರಮಟ್ಟದಿಂದ ಸುಮಾರು 2240 ಮೀಟರು ಎತ್ತರದಲ್ಲಿರುವ ಕಾರಣ, ಮೊದಲ ಕೆಲವು ದಿನ ಮೆಟ್ಟಿಲೇರಿದರೆ ಏದುಸಿರು ಬರುವುದೂ ತೆರೆದ ಪಾತ್ರೆಯಲ್ಲಿ ಬೇಳೆ ಬೇಯದೆ ಸತಾಯಿಸುವುದೂ ಸಹಜವೇ ಆಗಿದ್ದು, ಮೊದಲನೆಯದಕ್ಕೆ ವಿಶ್ರಾಂತಿಯೂ ಎರಡನೆಯದಕ್ಕೆ ಕುಕ್ಕರೂ ಪರಿಹಾರ. ನಲ್ಲಿನೀರನ್ನು ಕುಡಿಯಬೇಡಿ, ‘ಗರಾಫೋನ್’ ಎಂಬ 20 ಲೀಟರಿನ ಕ್ಯಾನುಗಳಲ್ಲಿ ಮಾರುವ ಶುದ್ಧಜಲವನ್ನೇ ಬಳಸಿರಿ.

‘ತಿಯಾಂಗಿಸ್’ ಎಂಬ ವಾರದ ಸಂತೆಯಲ್ಲಿ ಕೊತ್ತಂಬರಿ, ಹಸಿಮೆಣಸಿನಕಾಯಿ, ಹುಣಿಸೆಗಳು ಧಾರಾಳವಾಗಿ ದೊರೆಯುವುವಾದರೂ, ಕೈಯಲ್ಲಿ ನಗದು ಇರಲಿ. ಸಸ್ಯಾಹಾರಿಗಳಾದ ನೀವು ಹೋಟೆಲಿನಲ್ಲಿ ಹುರುಳಿಕಾಯಿಯ ಬೀಜದ ಪಲ್ಯವನ್ನು ತರಿಸಿಕೊಳ್ಳುವ ಮುನ್ನ, ಅದಕ್ಕೆ ಹಂದಿಯ ಕೊಬ್ಬನ್ನು ಬೆರೆಸಿರುವರೇ ಎಂದು ವಿಚಾರಿಸಿಕೊಳ್ಳಿರಿ.