ಹೊಳೆಯ ಪಾಲು ಹೊಳೆಗಿರಲಿ

ಮಕ್ಕಳೇ,

ಮಳೆಗಾಲಕ್ಕೆ ಮುಂಚೆ ಊರಿನ ಹುಡುಗರು, ಹುಡುಗಿಯರೆಲ್ಲ ಸೇರಿ ಬೆಟ್ಟದಲ್ಲಿ ಇಂಗುಗುಂಡಿ ತೋಡುತ್ತೀರಿ ಎಂದು ಕೇಳಿ ಮನಸ್ಸು ತುಂಬಿ ಬಂತು. ಶಿರಸಿ, ಸಿದ್ದಾಪುರದ ಈ ನಮ್ಮ ಸೀಮೆಯಲ್ಲಿ ವರ್ಷಕ್ಕೆ 2500 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಆದರೂ ಯುಗಾದಿಯ ಹೊತ್ತಿಗೆ ಹಳ್ಳಗಳು ಬರೀ ಕಲ್ಲಾಗುವುದನ್ನು ನಾನು ನೋಡುತ್ತಲೇ ಬಂದಿದ್ದೇನೆ. ನೀವು ಗುದ್ದಲಿ ಹಿಡಿಯಲೇಬೇಕು. ಹಿಡಿಯುವ ಮುಂಚೆ ನಿಮ್ಮೊಳಗೇ ಒಂದು ಮಾತು ಇತ್ಯರ್ಥವಾಗಲಿ: ಇಂಗಿಸುವ ಈ ನೀರು ಯಾರಿಗೆ?

ನಮ್ಮ ಬಾವಿಗೆ, ನಮ್ಮ ತೋಟಕ್ಕೆ ಎನ್ನುವಿರಿ. ತಪ್ಪಿಲ್ಲ. ಆದರೆ ಹೊಳೆಗೂ ಅದರಲ್ಲಿ ಪಾಲಿದೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಕೊನೆಗೆ ಹೊಳೆಗೆ ಏನೂ ಉಳಿಯುವುದಿಲ್ಲ. ಆಷಾಢದಲ್ಲಿ ಹೊಳೆ ತುಂಬುವುದು ಬಹುಪಾಲು ಇಳಿಜಾರಿನಲ್ಲಿ ಹರಿದು ಬಂದ ನೀರಿನಿಂದ. ದೀಪಾವಳಿ ಕಳೆದು ಮಳೆ ನಿಂತ ಮೇಲೆ ಹರಿಯುವುದು ನೆಲದೊಳಗಿಂದ ಒಸರಿದ ನೀರು. ಬೆಟ್ಟದೊಳಗಿನ ಜಲಮಟ್ಟ ಹಳ್ಳದ ತಳಕ್ಕಿಂತ ಮೇಲಿರುವಷ್ಟು ದಿನ ಒರತೆಗಳು ಹಳ್ಳಕ್ಕೆ ನೀರು ಕೊಡುತ್ತವೆ. ಮಟ್ಟ ತಳಕ್ಕಿಂತ ಕೆಳಗಿಳಿಯಿತೋ, ಹಳ್ಳದಲ್ಲಿದ್ದ ನೀರನ್ನೂ ನೆಲವೇ ಕುಡಿಯುತ್ತದೆ. ಹಾಗಾಗಿ ಮೇಲೆ ನೂರು ಗುಂಡಿ ತೋಡಿ, ಕೆಳಗೆ ನಾಲ್ಕು ಕೊಳವೆಬಾವಿ ಹಗಲಿರುಳು ಓಡಿಸಿದರೆ ನೀವು ಇಂಗಿಸಿದ್ದು ಅಡಿಕೆ ಬುಡಕ್ಕೆ ಸೇರುತ್ತದೆ, ಹಳ್ಳಕ್ಕೆ ಇಳಿಯುವುದಿಲ್ಲ. ಈ ಲೆಕ್ಕವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಆ ನೀರನ್ನು ನೆಚ್ಚಿಕೊಂಡ ಜೀವಗಳನ್ನು ಹೋಗಿ ನೋಡಿ. ಜೋಗದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯಲ್ಲಿ ಕತ್ತಲೆಕಾನು ಸಿಗುತ್ತದೆ. ಅಲ್ಲಿ ರಾಂಪತ್ರೆ ಜಡ್ಡಿಗಳಿವೆ. ವರ್ಷವಿಡೀ ನೀರು ಜಿನುಗುವ ಕೆಸರಿನಲ್ಲಿ ಆ ಮರಗಳು ಮೊಣಕಾಲು ಮಡಿಸಿದಂತೆ ಬೇರನ್ನು ಮೇಲೆತ್ತಿ ಉಸಿರಾಡುತ್ತವೆ. ಜಿನುಗು ನಿಂತರೆ ಅವಕ್ಕೆ ಬೇರೆ ಮನೆಯಿಲ್ಲ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಜಗತ್ತಿಗೆ ಪರಿಚಯಿಸಿದ ಕುಂಬಾರ ಕಪ್ಪೆ ಈ ಭಾಗದ ತೊರೆಗಳದ್ದು. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ತೊರೆಯ ತಳದ ಕೆಸರನ್ನು ಕೈಯಲ್ಲಿ ತಂದು ಮೊಟ್ಟೆಗೆ ಮೆತ್ತುತ್ತದೆ. ಅಘನಾಶಿನಿ ಕೊಳ್ಳದ ಸಿಂಗಳೀಕಗಳು ಬದುಕಿರುವುದೂ ಇಂಥ ತೇವದ ಕಾಡಿನಲ್ಲೇ. ಬೇಸಿಗೆಯ ಮಡುಗಳಲ್ಲಿ ಮೀನು ಉಳಿದರೆ ಮಾತ್ರ ನೀರುನಾಯಿಗೆ ಊಟ.

ಬತ್ತಿದ ಹೊಳೆ ಮತ್ತೆ ಹರಿಯುವುದು ಕೈಗೂಡುವ ಮಾತೇ ಎಂದು ಕೇಳುವವರಿಗೆ ನಾನು ರಾಜಸ್ಥಾನದ ಅಲ್ವರ್ ಜಿಲ್ಲೆಯ ಅರ್ವರಿ ನದಿಯನ್ನು ತೋರಿಸುತ್ತೇನೆ. ಅಲ್ಲಿನ ಮಳೆ ನಮ್ಮದರ ಕಾಲುಭಾಗದಷ್ಟು. 1985ರಲ್ಲಿ ಅಲ್ಲಿಗೆ ಹೋದ ರಾಜೇಂದ್ರ ಸಿಂಗ್ ಮತ್ತು ಅವರ ತರುಣ ಗೆಳೆಯರಿಗೆ ಶಾಲೆ, ಔಷಧಿಗಿಂತ ಮೊದಲು ನೀರಿನ ಕೆಲಸ ಮಾಡಿ ಎಂದು ದಾರಿ ತೋರಿದವರು ಹಳ್ಳಿಯ ಹಿರಿಯರು. ಜನ ಜೋಹಡ್ ಎಂಬ ಮಣ್ಣಿನ ಕಟ್ಟೆಗಳನ್ನು ಒಂದೊಂದಾಗಿ ಕಟ್ಟುತ್ತಾ ಹೋದರು. ಜಲಾನಯನದಲ್ಲಿ ಅವು 300 ದಾಟಿದವು. ಮಳೆಗಾಲ ಮುಗಿದೊಡನೆ ಬತ್ತುತ್ತಿದ್ದ ಅರ್ವರಿ 1995ರ ಹೊತ್ತಿಗೆ ವರ್ಷವಿಡೀ ಹರಿಯಿತು. ಹರಿದದ್ದೇ ತಡ, ನದಿಯ ಮೀನು ಹಿಡಿಯುವ ಗುತ್ತಿಗೆಯನ್ನು ಸರ್ಕಾರ ಹೊರಗಿನವರಿಗೆ ಕೊಟ್ಟಿತು. ಊರವರು ಎದುರು ನಿಂತರು. ನನಗೆ ಕಟ್ಟೆಗಳಿಗಿಂತ ಮುಖ್ಯವೆನಿಸುವುದು ಆಮೇಲೆ ನಡೆದದ್ದು: 1999ರಲ್ಲಿ 72 ಹಳ್ಳಿಗಳು ಸೇರಿ ಅರ್ವರಿ ಸಂಸತ್ತು ಕಟ್ಟಿಕೊಂಡವು. ಕಬ್ಬಿನಂಥ ನೀರುಬಾಕ ಬೆಳೆ ಬೇಡ ಎಂದು ತಮಗೆ ತಾವೇ ಕಟ್ಟಳೆ ಹಾಕಿಕೊಂಡವು. ಸರ್ಕಾರದ ಕಾನೂನಿನ ಬಲವಿಲ್ಲದ ಸಭೆ ಅದು, ಜನರ ಒಪ್ಪಿಗೆಯೊಂದೇ ಅದರ ಬಲ.

ಆದರೆ ಅದೇ ಅಲ್ವರ್‌ನ ಸರಿಸ್ಕಾ ಹುಲಿ ಕಾಡಿನಲ್ಲಿ 2004-05ರ ಹೊತ್ತಿಗೆ ಒಂದು ಹುಲಿಯೂ ಉಳಿಯಲಿಲ್ಲ. ಕಳ್ಳಬೇಟೆ ಅವನ್ನು ಮುಗಿಸಿತ್ತು. 2008ರಲ್ಲಿ ರಣಥಂಬೋರ್‌ನಿಂದ ಹುಲಿಗಳನ್ನು ತಂದು ಬಿಡಬೇಕಾಯಿತು. ನೀರು ಬಂದರೆ ಕಾಡುಪ್ರಾಣಿ ತಾನಾಗಿ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾವಲೂ ಬೇಕು.

ನಮ್ಮ ನೆಲಕ್ಕೆ ಬರೋಣ. ದಟ್ಟ ಕಾನಿನೊಳಗೆ ಗುಂಡಿ ತೋಡಬೇಡಿ, ಅಲ್ಲಿನ ದರಕು, ಬೇರುಗಳೇ ನಿಮಗಿಂತ ಚೆನ್ನಾಗಿ ಇಂಗಿಸುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ನಮ್ಮ ಜಿಲ್ಲೆಯ ತೊರೆಗಳನ್ನು ಅಳೆದು, ಸ್ಥಳೀಯ ಕಾಡು ಶೇ 60ಕ್ಕೂ ಹೆಚ್ಚಿರುವ ಜಲಾನಯನದಲ್ಲಿ ಹಳ್ಳಗಳು ವರ್ಷವಿಡೀ ಹರಿಯುತ್ತವೆ ಎಂದು ಕಂಡುಕೊಂಡಿದೆ. ನಿಮ್ಮ ಗುದ್ದಲಿ ಬೋಳಾದ ಬೆಟ್ಟಕ್ಕೆ, ರಸ್ತೆಯ ನೀರು ರಭಸದಿಂದ ನುಗ್ಗುವ ತಾವಿಗೆ ಹೋಗಲಿ. ಕಡಿದಾದ, ಮಣ್ಣು ದಪ್ಪವಿರುವ ಇಳಿಜಾರಿನಲ್ಲಂತೂ ಖಂಡಿತ ಬೇಡ. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದದ್ದು ನೆನಪಿದೆಯಲ್ಲ? ಮಣ್ಣು ನೀರು ಕುಡಿದು ಭಾರವಾದರೆ ಏನಾಗುತ್ತದೆಂದು ಆ ಊರಿನವರನ್ನು ಕೇಳಿ. ಜಾಗದ ಬಗ್ಗೆ ಅನುಮಾನ ಬಂದರೆ ಭೂವಿಜ್ಞಾನ ಬಲ್ಲವರಿಗೆ ತೋರಿಸದೆ ಮುಂದುವರಿಯಬೇಡಿ.

ಮೊದಲು ಊರಿನ ಒರತೆಗಳನ್ನು ಗುರುತು ಹಾಕಿ. ಎಲ್ಲಿತ್ತು, ಎಂದು ಬತ್ತಿತು ಎಂಬುದು ನಿಮ್ಮ ಅಜ್ಜಿಯರಿಗೆ ಗೊತ್ತಿರುತ್ತದೆ, ಕೇಳಿ ಬರೆದುಕೊಳ್ಳಿ. ಪ್ರತಿ ವರ್ಷ ಹಳ್ಳದ ಹರಿವು ನಿಂತ ತಾರೀಕನ್ನು ಶಾಲೆಯ ಗೋಡೆಯ ಮೇಲೆ ಬರೆಯಿರಿ, ನಿಮ್ಮ ಕೆಲಸಕ್ಕೆ ಅದೇ ಅಳತೆಗೋಲು. ಇನ್ನು ಪಂಪಿನ ಮಾತು. ಫೆಬ್ರವರಿಯ ನಂತರ ಹಳ್ಳಕ್ಕೆ ನೇರ ಪಂಪು ಇಡುವುದಿಲ್ಲ, ಮಡು ಬಸಿಯುವುದಿಲ್ಲ ಎಂದು ಊರವರನ್ನು ಕೂರಿಸಿ ಒಪ್ಪಿಸಬೇಕು. ಗುಂಡಿ ತೋಡುವುದಕ್ಕಿಂತ ಇದು ಕಷ್ಟ. ತೋಟ ಇರುವವರು ಸಿಟ್ಟಾಗುತ್ತಾರೆ, ಅವರಲ್ಲಿ ನಿಮ್ಮ ಅಪ್ಪ, ಚಿಕ್ಕಪ್ಪಂದಿರೂ ಇರುತ್ತಾರೆ. ಗೌರವ ಬಿಡದೆ ಮಾತಾಡಿ, ಮತ್ತೆ ಮತ್ತೆ ಹೋಗಿ. ಸಭೆ ಕರೆಯುವ ದಿನ ನನಗೂ ಹೇಳಿಕಳಿಸಿ, ನಿಮ್ಮ ಪರವಾಗಿ ಮಾತಾಡಲು ಬರುತ್ತೇನೆ.